ಶಿರಸಿಯ ಜಪಾನಿ ಅನುವಾದ ಸೇವೆ: ಪದಪಟ್ಟಿಗೆ ಪೂರ್ತಿ ಅಂಕ, ಡಿಟಿಪಿಗೆ ಅರ್ಧ

ಶಿರಸಿ ಪೇಟೆಯ ಒಂದು ಮಹಡಿ ಕೋಣೆಯಿಂದ ನಡೆಯುವ ಈ ಸೇವೆಗೆ ಬೋರ್ಡೂ ಇಲ್ಲ. ನಡುವೆ ಇಂಗ್ಲಿಷ್ ಇಟ್ಟುಕೊಳ್ಳದೆ ಕನ್ನಡದಿಂದ ನೇರ ಜಪಾನಿಗೆ ಅನುವಾದ ಮಾಡಿಕೊಡುತ್ತೇವೆ ಅನ್ನುವುದು ಅವರ ಹೆಚ್ಚುಗಾರಿಕೆ. ಇಲ್ಲಿ ಒಬ್ಬರು ಕನ್ನಡ ನೋಡಿಕೊಳ್ಳುತ್ತಾರೆ, ಜಪಾನಿನಲ್ಲಿರುವ ಇನ್ನೊಬ್ಬರು ಜಪಾನಿ ತಿದ್ದುತ್ತಾರೆ. ಹೋಮ್‌ಸ್ಟೇಯ ಸ್ನಾನದ ನೀರಿನ ಸೂಚನೆ, ಕಾಳುಮೆಣಸಿನ ಪೊಟ್ಟಣದ ಲೇಬಲ್ ಇಂಥದ್ದಕ್ಕೆ ಇವರ ತನಕ ಹೋಗಬೇಕಿಲ್ಲ, ಫೋನಿನ ಆ್ಯಪ್ ಸಾಕು. ಹಾಗಾಗಿ ನಾವು ಪರೀಕ್ಷೆಗೆ ಕೊಟ್ಟದ್ದು ಗಟ್ಟಿ ಸರಕು. ಮಠಕ್ಕೆ, ದೊರೆಗೆ, ಸರ್ಕಾರಕ್ಕೆ, ಊರಿಗೆ ‘ಆಗೋದಿಲ್ಲ’ ಅಂದ ಉತ್ತರ ಕನ್ನಡದ ಜನರ ಬಗ್ಗೆ ನಾಲ್ಕು ತುಣುಕು ಬರಹ, ಜೊತೆಗೆ 22 ಪದಗಳ ಪಟ್ಟಿ. ಉಳವಿಗೆ ಬಂದ ಶರಣರು, ಗೋವಾದಿಂದ ಹೊಳೆ ದಾಟಿ ಬಂದ ಕುಟುಂಬಗಳು, ಅಂಕೋಲೆ–ಸಿದ್ದಾಪುರದ ಕರನಿರಾಕರಣೆ, ಮರ ಉಳಿಸಲು ಎದ್ದ ಸಾಲ್ಕಣಿಯ ಅಪ್ಪಿಕೋ ಚಳವಳಿ.

ಇದು ಕಷ್ಟ ಯಾಕೆಂದರೆ, ಜಪಾನಿಯಲ್ಲಿ ಇಂಥವರಿಗೆ ಪದಗಳ ಬರವೇನೂ ಇಲ್ಲ, ಆದರೆ ಬಹುಪಾಲು ಪದಗಳು ತೀರ್ಪು ಕೊಡುವವರ ಬಾಯಿಂದ ಬಂದವು. ‘ಇತಾನ್’ ಎಂಬುದರಲ್ಲಿ ‘ಬೇರೆ’ ಮತ್ತು ‘ಅಂಚು’ ಎಂಬ ಎರಡು ಅಕ್ಷರಗಳಿವೆ. ಕನ್‌ಫ್ಯೂಷಿಯಸ್‌ನ ಮಾತುಗಳಲ್ಲೇ ಸಿಗುವ ಹಳೆಯ ಪದ. ಈಗ ಕ್ರೈಸ್ತರ ‘ಹೆರೆಸಿ’ಗೂ, ಅಂದರೆ ಮತದ್ರೋಹಕ್ಕೂ, ಅದೇ ನಡೆಯುತ್ತದೆ. ‘ಜಾಶೂ’ ಅಂದರೆ ಕೆಟ್ಟ ಪಂಥ, ಆಗ ಜಪಾನ್ ಆಳುತ್ತಿದ್ದ ತೊಕುಗಾವಾ ಮನೆತನ ಕ್ರೈಸ್ತಧರ್ಮವನ್ನು ನಿಷೇಧಿಸಿದಾಗ ಬಳಸಿದ ಬೈಗುಳ. ‘ಗೆದೋ’ ಅಂದರೆ ಹೊರಗಿನ ದಾರಿ. ಅನ್ಯಮತದವರು ಎಂಬರ್ಥದ ಸಂಸ್ಕೃತದ ತೀರ್ಥಿಕಕ್ಕೆ ಬೌದ್ಧ ಗ್ರಂಥಗಳ ಚೀನೀ ಅನುವಾದದಲ್ಲಿ ಹುಟ್ಟಿದ ಈ ಪದ ಇವತ್ತಿನ ಜಪಾನಿ ಆಡುಮಾತಿನಲ್ಲಿ ‘ನೀಚ’ ಆಗಿಬಿಟ್ಟಿದೆ. ‘ಮುಹೊನ್’ ದೊರೆದ್ರೋಹ. ‘ಹಿಕೊಕುಮಿನ್’ ಯುದ್ಧಕಾಲದ ದೇಶದ್ರೋಹಿ. ಭಿನ್ನಮತದವರು ತಮಗೆ ತಾವೇ ಇಟ್ಟುಕೊಂಡ ಹೆಸರುಗಳೂ ಇವೆ, ಆದರೆ ಅವು ಒಂದೊಂದು ಗುಂಪಿಗೆ ಅಂಟಿಕೊಂಡವು. ಬೌದ್ಧರ ನಿಚಿರೆನ್ ಪಂಥದಲ್ಲಿ ನಂಬದವರಿಂದ ದಾನ ತೆಗೆದುಕೊಳ್ಳದ, ಅವರಿಗೆ ಕೊಡದ ‘ಫುಜು-ಫುಸೆ’ಯವರಿದ್ದರು. 17ನೇ ಶತಮಾನದಲ್ಲಿ ನಿಷೇಧಕ್ಕೆ ಒಳಗಾಗಿ 1876ರಲ್ಲಿ ಮತ್ತೆ ಮಾನ್ಯತೆ ಪಡೆದರು. ಉಚಿಮುರಾ ಕಾಂಜೋ ಅವರ ಚರ್ಚಿಲ್ಲದ ಕ್ರೈಸ್ತರಿಗೆ ‘ಮುಕ್ಯೋಕಾಇ’ ಎಂಬ ಹೆಸರು. ಇವನ್ನು ನಮ್ಮ ಶರಣರಿಗೆ ಎರವಲು ತರಲು ಬರುವುದಿಲ್ಲ.

ಈ ಸೇವೆಯ ನಿಜವಾದ ಬೆಲೆ ಕೆಲಸ ಶುರುವಾಗುವ ಮೊದಲೇ ಗೊತ್ತಾಗುತ್ತದೆ. ಪಟ್ಟಿ ಕಳಿಸಿದ ಎರಡನೇ ದಿನ ಒಂದು ಪುಟದ ಪ್ರಶ್ನೆಪತ್ರ ಬರುತ್ತದೆ. ಪ್ರತಿ ಪದಕ್ಕೂ ಮೂರು ಪ್ರಶ್ನೆ. ಈ ಮಾತು ಯಾರ ಬಾಯಿಯದು? ಯಾವ ಕಾಲದ್ದು? ಆ ಜನರ ವಂಶದವರು ಈಗ ಇದ್ದರೆ ಈ ಹೆಸರಿಗೆ ಒಪ್ಪುತ್ತಾರೆಯೆ? ಉತ್ತರ ಕೊಡದೆ ‘ನೀವೇ ನೋಡಿ ಹಾಕಿ’ ಅಂದರೆ ಕೆಲಸ ಮುಂದೆ ಹೋಗುವುದಿಲ್ಲ. ಕಿರಿಕಿರಿ ಅನ್ನಿಸಬಹುದು, ಆದರೆ ಅನುವಾದ ಕೆಡುವುದು ಇಲ್ಲೇ. ಕನ್ನಡದಲ್ಲಿ ‘ಪಾಷಂಡಿ’ ಎಂದು ಒಬ್ಬರು ಇನ್ನೊಬ್ಬರನ್ನು ಬೈದದ್ದಾದರೆ ಗೆದೋ ಸರಿಯಾಗಿಯೇ ಕೂರುತ್ತದೆ. ಲೇಖಕನೇ ತನ್ನ ಮಾತಿನಲ್ಲಿ ಯಾರನ್ನೋ ಗುರುತಿಸುತ್ತಿದ್ದರೆ ಅದೇ ಪದ ಮಾನನಷ್ಟ. ಸೋಂದೆಯ ಜೈನ ಮಠದ ಬಗ್ಗೆ ಬರೆಯುವಾಗ ಇದು ನೆನಪಿರಬೇಕು. ಬೌದ್ಧ ಗ್ರಂಥಗಳು ಎಣಿಸುವ ಆರು ‘ಗೆದೋ’ ಗುರುಗಳಲ್ಲಿ ಮಹಾವೀರನೂ ಒಬ್ಬ.

ಮೊದಲ ಕರಡಿನಲ್ಲಿ ‘ಶರಣ’ಕ್ಕೆ ಬಂದದ್ದು ‘ಕಿಎಶಾ’. ತಪ್ಪು ಎನ್ನಲಾಗದು. ಕಿಎ ಎಂಬುದು ಬುದ್ಧ, ಧರ್ಮ, ಸಂಘಗಳಿಗೆ ಶರಣು ಹೋಗುವುದಕ್ಕೆ ಇರುವ ಪದ, ಸಂಸ್ಕೃತದ ಶರಣಕ್ಕೇ ಆದ ಅನುವಾದ. ಅದೇ ತೊಂದರೆ. ಜಪಾನಿ ಓದುಗರಿಗೆ ಉಳವಿ ಒಂದು ಬೌದ್ಧ ವಿಹಾರದಂತೆ ಕಾಣುತ್ತದೆ. ಇಂಗ್ಲಿಷಿನ ದಾರಿ ಹಿಡಿದಿದ್ದರೆ ಇನ್ನೂ ಕೆಡುತ್ತಿತ್ತು, ಶರಣಾಗು ಎಂಬುದು ಯುದ್ಧದಲ್ಲಿ ಸೋತು ಶರಣಾಗುವ ‘ಕೋಫುಕು’ ಆಗಿ ಕೂರುವ ಅಪಾಯ ಅಲ್ಲಿದೆ. ಎರಡನೇ ಕರಡಿನಲ್ಲಿ ‘ಶರಣ’ವನ್ನು ಪರಭಾಷೆಯ ಪದಗಳಿಗೆ ಬಳಸುವ ಕತಕಾನಾ ಲಿಪಿಯಲ್ಲಿ ಹಾಗೇ ಬರೆದು, ಮೊದಲ ಸಲ ಬಂದಲ್ಲಿ ಮಾತ್ರ ‘ಶಿವನಿಗೆ ತನ್ನನ್ನು ಒಪ್ಪಿಸಿಕೊಂಡವರು’ ಎಂಬ ವಿವರಣೆ ಕೂರಿಸಿದ್ದಾರೆ. ಇದು ಸರಿಯಾದ ನಿರ್ಧಾರ.

ಹೀಗೆ ಮೂಲಪದವನ್ನೇ ಉಳಿಸಿಕೊಳ್ಳುವುದಕ್ಕೆ ಹಳೆಯ ಉದಾಹರಣೆಯೊಂದಿದೆ, ಅದೂ ನಮ್ಮ ಪಕ್ಕದ ಗೋವಾದಿಂದ ಹೊರಟದ್ದು. ಕ್ರೈಸ್ತ ಪಾದ್ರಿ ಫ್ರಾನ್ಸಿಸ್ ಕ್ಸೇವಿಯರ್ 1549ರಲ್ಲಿ ಗೋವಾದಿಂದ ಹೊರಟು ಜಪಾನಿನ ಕಾಗೊಶಿಮಾದಲ್ಲಿ ಇಳಿದಾಗ ದೇವರಿಗೆ ‘ದಾಇನಿಚಿ’ ಎಂಬ ಪದ ಬಳಸಿದರು. ಅದು ವೈರೋಚನ ಬುದ್ಧನ ಹೆಸರು. ಕೇಳಿದವರು ಇದೂ ತೆಂಜಿಕು, ಅಂದರೆ ಭಾರತದಿಂದ ಬಂದ ಇನ್ನೊಂದು ಬೌದ್ಧ ಪಂಥ ಅಂದುಕೊಂಡರು. ತಪ್ಪು ತಿಳಿದ ಮೇಲೆ ಲ್ಯಾಟಿನ್ ಪದವನ್ನೇ ‘ದೇಉಸು’ ಮಾಡಿಕೊಂಡರು. ವಿರೋಧಿಗಳು ಅದನ್ನು ‘ದಾಇಉಸೊ’, ಅಂದರೆ ದೊಡ್ಡ ಸುಳ್ಳು ಎಂದು ತಿರುಚಿ ಗೇಲಿ ಮಾಡಿದರು. ಅನುವಾದ ಮಾಡಿದರೂ ಪೆಟ್ಟು, ಮಾಡದಿದ್ದರೂ ಪೆಟ್ಟು. ಆದರೆ ಎರಡನೇ ಪೆಟ್ಟಿನಲ್ಲಿ ಅರ್ಥವಾದರೂ ಕೆಡುವುದಿಲ್ಲ.

ಕತಕಾನಾದ ಮಿತಿಗಳನ್ನು ಇವರು ಮುಂಚೆಯೇ ಹೇಳಿದ್ದು ಮೆಚ್ಚುವಂಥದ್ದು. ರ, ಲ, ಳ ಮೂರಕ್ಕೂ ಒಂದೇ ಸಾಲಿನ ಅಕ್ಷರ, ಣ ಮತ್ತು ನ ಒಂದೇ. ಉಳವಿ, ಉಲವಿ, ಉರವಿ ಅಲ್ಲಿ ಒಂದೇ ಊರು. ‘ವ’ಕ್ಕೆ ಹೊಸ ಬಗೆಯ ಅಕ್ಷರ ಇದ್ದರೂ ಬಾಯಲ್ಲಿ ಹೆಚ್ಚಾಗಿ ‘ಬ’ವೇ ಬರುತ್ತದೆ. ಬಂದ ಪ್ರವಾಸಿ ‘ಉರಾಬಿ’ ಎಂದು ದಾರಿ ಕೇಳಿದರೆ ಜೋಯಿಡಾದ ಬಸ್ ಕಂಡಕ್ಟರಿಗೆ ಅರ್ಥವಾಗಬೇಕಲ್ಲ. ಅದಕ್ಕೆ ಊರ ಹೆಸರಿನ ಪಕ್ಕ ಕನ್ನಡ ಲಿಪಿಯನ್ನೂ ಅಚ್ಚು ಹಾಕಿ, ತೋರಿಸಿ ಕೇಳಲಿ ಎಂಬ ಸಲಹೆ ಅವರದೇ.

ಎಲ್ಲಕ್ಕಿಂತ ನಾಜೂಕಾದದ್ದು ಬಾಲಕ್ಕೆ ಅಂಟಿಸುವ ಒಂದು ಅಕ್ಷರ. ಗುಂಪಿನ ಹೆಸರಿಗೆ ‘ಹಾ’ ಸೇರಿಸಿದರೆ ದೊಡ್ಡದೊಂದರ ಒಳಗಿನ ಪಂಗಡ. ‘ಶೂ’ ಸೇರಿಸಿದರೆ ಬೌದ್ಧರ ಪಂಥದ ಧಾಟಿ. ‘ಕ್ಯೋ’ ಸೇರಿಸಿದರೆ ಪ್ರತ್ಯೇಕ ಧರ್ಮ. ಜಪಾನಿ ಬರಹಗಳಲ್ಲಿ ಲಿಂಗಾಯತರಿಗೆ ವಾಡಿಕೆಯಾಗಿ ‘ಹಾ’ ಹಚ್ಚುತ್ತಾರೆ, ಅಂದರೆ ಹಿಂದೂ ಧರ್ಮದ ಒಳಗಿನ ಒಂದು ಶಾಖೆ. ಕರ್ನಾಟಕದಲ್ಲಿ ಇನ್ನೂ ವಾದ ನಡೆಯುತ್ತಿರುವ ಪ್ರಶ್ನೆಗೆ ಜಪಾನಿ ಫಲಕವೊಂದು ಒಂದೇ ಅಕ್ಷರದಲ್ಲಿ ತೀರ್ಪು ಕೊಟ್ಟಂತಾಯಿತು! ಪದಪಟ್ಟಿಯ ಷರಾದಲ್ಲಿ ಇದನ್ನು ಸರಿಯಾಗಿ ಗುರುತಿಸಿ, ಮೂರನ್ನೂ ಬಿಟ್ಟು ಬಹುವಚನದ ‘ತಾಚಿ’ ಸಾಕು, ಶರಣರು ಶರಣರಾಗಿಯೇ ಇರಲಿ ಎಂದು ಬರೆದಿದ್ದಾರೆ. ಅಷ್ಟು ಬರೆದವರೇ ಅಚ್ಚಿನ ಪ್ರತಿಯ ಎರಡನೇ ಪುಟದಲ್ಲಿ ‘ಹಾ’ ಬಿಟ್ಟುಕೊಂಡಿದ್ದರು, ಮೂರನೇ ಪುಟದ ಚಿತ್ರದ ಅಡಿಯಲ್ಲಿ ‘ಕ್ಯೋ’. ಹುಡುಕಿ ತೆಗೆಸಿದ್ದು ನಾವು.

‘ಭವಿ’ ಪದಕ್ಕೆ ಅನ್ಯಧರ್ಮೀಯ ಎಂಬರ್ಥದ ‘ಇಕ್ಯೋತೊ’ ಬಂದಿತ್ತು. ಒಪ್ಪಲಾಗದು ಎಂದ ಕೂಡಲೇ ‘ಲಿಂಗ ಧರಿಸದವರು’ ಎಂದು ಬಿಡಿಸಿ ಬರೆದುಕೊಟ್ಟರು. ‘ಜಂಗಮ’ಕ್ಕೆ ಊರೂರು ಅಲೆಯುವ ಸನ್ಯಾಸಿಗಳ ‘ಯುಗ್ಯೋ’ ಪದವನ್ನು ಹಿಡಿದದ್ದು ಜಾಣತನ, ಇಪ್ಪೆನ್ ಎಂಬ 13ನೇ ಶತಮಾನದ ಸಂತನ ಪರಂಪರೆಯಿಂದ ಆ ಪದ ಅಲ್ಲಿ ಪರಿಚಿತ. ‘ಲಿಂಗೈಕ್ಯ’ವೇ ಬಲು ತೊಡಕಿನದು. ಜಪಾನಿಯಲ್ಲಿ ಸಾವಿನ ಗೌರವದ ಪದಗಳೆಲ್ಲ ಒಂದೊಂದು ಮತಕ್ಕೆ ಸೇರಿವೆ. ‘ನ್ಯೂಮೆತ್ಸು’ ಬುದ್ಧನಿಗೆ, ‘ನ್ಯೂಜಾಕು’ ಬೌದ್ಧ ಭಿಕ್ಷುವಿಗೆ, ‘ಕಿತೆನ್’ ಕ್ಯಾಥೊಲಿಕರಿಗೆ. ಯಾವುದನ್ನು ಹಾಕಿದರೂ ಚನ್ನಬಸವಣ್ಣನವರಿಗೆ ಬೇರೆಯವರ ಅಂಗಿ ತೊಡಿಸಿದಂತೆ. ಕೊನೆಗೆ ಉಳಿದದ್ದು ‘ಲಿಂಗದೊಂದಿಗೆ ಒಂದಾದರು’ ಎಂಬ ಸರಳ ವಾಕ್ಯ. ಕಲ್ಯಾಣದ ಕೋಲಾಹಲದ ನಂತರ ಶರಣರು ಕಾಡುದಾರಿ ಹಿಡಿದು ಉಳವಿಗೆ ಬಂದರು ಎಂಬಲ್ಲಿ ‘ಎಂದು ಹೇಳಿಕೊಂಡು ಬಂದಿದ್ದಾರೆ’ ಎನ್ನುವ ‘ತೊ ತ್ಸುತಾಎರಾರೆರು’ ಹಚ್ಚಿದ್ದಾರೆ. ನಮ್ಮ ‘ಅಂತೆ’ಗೆ ಇಷ್ಟು ಸಮನಾದ ಸವಲತ್ತು ಇಂಗ್ಲಿಷಿನಲ್ಲಿ ಸಿಗುವುದಿಲ್ಲ. ನೇರ ಅನುವಾದದ ಲಾಭ ಎದ್ದು ಕಾಣುವ ಜಾಗ ಇದು.

‘ನಾಸ್ತಿಕ’ ಪದದಲ್ಲಿ ಸ್ವಲ್ಪ ಜಗ್ಗಾಟವಾಯಿತು. ದೇವರಿಲ್ಲ ಎನ್ನುವವನಿಗೆ ‘ಮುಶಿನ್‌ರೊನ್‌ಶಾ’ ಇದೆ. ವೇದವನ್ನು ಪ್ರಮಾಣ ಎಂದು ಒಪ್ಪದವನು ಎಂಬ ಹಳೆಯ ಅರ್ಥಕ್ಕೆ ಅದು ಹೊಂದುವುದಿಲ್ಲ. ಆ ಅರ್ಥದಲ್ಲಿ ಓದುಗನಾದ ಜಪಾನಿ ಬೌದ್ಧನೇ ನಾಸ್ತಿಕ. ಲೋಕಾಯತಕ್ಕೆ ಮಾತ್ರ ಬೌದ್ಧ ಗ್ರಂಥಗಳಿಂದಲೇ ಬಂದ ‘ಜುನ್‌ಸೆಇ’, ಅಂದರೆ ‘ಲೋಕವನ್ನು ಅನುಸರಿಸುವ’ ಎಂಬ ಸಿದ್ಧಪದ ಇದೆ. ಅದನ್ನೇ ಕೊಟ್ಟಿದ್ದಾರೆ, ಬಾಲದ ‘ಗೆದೋ’ ಕತ್ತರಿಸಿ.

ಗೋವಾ ತುಣುಕಿನಲ್ಲಿ 1560ರ ‘ಇನ್‌ಕ್ವಿಸಿಷನ್’ಗೆ, ಅಂದರೆ ಚರ್ಚಿನ ಮತದ್ರೋಹ ವಿಚಾರಣೆಗೆ, ‘ಇತಾನ್ ಶಿನ್‌ಮೊನ್’ ಎಂಬ ನಿಗದಿಯಾದ ಅನುವಾದವಿದೆ, ಬದಲಿಸುವಂತಿಲ್ಲ. ಅಪಾಯ ಇರುವುದು ಮುಂದಿನ ವಾಕ್ಯದಲ್ಲಿ. ವಿಚಾರಣೆಗೆ ಇತಾನ್ ಎಂದು ಹೆಸರಿದ್ದರೆ ಅದರಿಂದ ಪಾರಾಗಲು ಕಾಳಿ ಹೊಳೆ ದಾಟಿ ಬಂದವರೂ ‘ಇತಾನ್‌ಶಾ’ ಅಂದುಕೊಳ್ಳುತ್ತಾರೆ. ಅವರು ಕ್ರೈಸ್ತರೇ ಆಗಿರಲಿಲ್ಲ, ಭಿನ್ನಮತದ ಮಾತೆಲ್ಲಿ ಬಂತು? ನಾಗಾಸಾಕಿಯ ಅಡಗಿದ ಕ್ರೈಸ್ತರ ಹೋಲಿಕೆ ಕೊಡೋಣವೆ ಎಂದು ಜಪಾನಿನ ತಿದ್ದುಗಾರರು ಕೇಳಿದ್ದರು. ಅಲ್ಲಿಯೂ ಎರಡು ಪದ ಇವೆ. 1873ರಲ್ಲಿ ನಿಷೇಧ ತೆಗೆಯುವ ತನಕ ಗುಟ್ಟಾಗಿದ್ದವರು ‘ಸೆನ್‌ಪುಕು’, ಆಮೇಲೂ ಚರ್ಚಿಗೆ ಮರಳದೆ ತಮ್ಮದೇ ಆಚರಣೆ ಉಳಿಸಿಕೊಂಡವರು ‘ಕಾಕುರೆ’. 2018ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಜಾಗಗಳ ಜಪಾನಿ ಹೆಸರಿನಲ್ಲಿ ಇರುವುದು ಸೆನ್‌ಪುಕು. ಗೋವಾದಲ್ಲೇ ಉಳಿದು, ಮತಾಂತರವಾಗಿ, ಒಳಗೊಳಗೆ ಹಳೆಯ ಆಚರಣೆ ನಡೆಸಿದವರಿಗಾದರೆ ಸೆನ್‌ಪುಕು ಹೊಂದಬಹುದು. ದೇವರನ್ನು ಹೊತ್ತು ಕರಾವಳಿಗೆ ಬಂದವರಿಗೆ ‘ನೊಗಾರೆತಾ’, ಪಾರಾಗಿ ಬಂದರು, ಎಂಬ ಕ್ರಿಯಾಪದವೇ ಸಾಕು. ಹೋಲಿಕೆ ಕೈಬಿಟ್ಟದ್ದು ಒಳ್ಳೆಯದಾಯಿತು.

‘ಬಹಿಷ್ಕಾರ’ಕ್ಕೆ ಒಂದೇ ಪದ ಕೊಡುವುದಿಲ್ಲ ಎಂದು ಹಟ ಹಿಡಿದರು, ಅದೂ ಸರಿ. ಮಠದಿಂದ, ಗುರುವಿನಿಂದ ಹೊರಗೆ ಹಾಕಿದರೆ ‘ಹಾಮೊನ್’. ಊರಿನವರು ಹೊರಗಿಟ್ಟರೆ ‘ಮುರಾಹಾಚಿಬು’, ಅಕ್ಷರಶಃ ಊರಿನ ಎಂಟು ಪಾಲು. ಊರು ಕೂಡುವ ಹತ್ತು ಸಂದರ್ಭಗಳಲ್ಲಿ ಎಂಟರಿಂದ ಹೊರಗೆ, ಬೆಂಕಿ ಬಿದ್ದಾಗ ಮತ್ತು ಸಾವಾದಾಗ ಮಾತ್ರ ನೆರವು ಎಂಬುದು ಅದಕ್ಕೆ ಜನ ಹೇಳುವ ವಿವರಣೆ. ನಮ್ಮ ಕಡೆಯ ಬಹಿಷ್ಕಾರದಲ್ಲಿ ಒಲೆಗೆ ಕೆಂಡವನ್ನೂ ಕೊಡರು, ಹೆಣಕ್ಕೆ ಹೆಗಲನ್ನೂ ಕೊಡರು. ಆ ಎರಡು ಪಾಲೂ ಇಲ್ಲ ಎಂಬುದನ್ನು ಅರ್ಧ ಸಾಲಿನಲ್ಲಿ ಸೇರಿಸಿಕೊಟ್ಟಿದ್ದಾರೆ. ಇಡೀ ಕೆಲಸದಲ್ಲಿ ನಮಗೆ ಅತಿ ಇಷ್ಟವಾದ ಅರ್ಧ ಸಾಲು.

ಕರನಿರಾಕರಣೆಯ ತುಣುಕಿನಲ್ಲಿ ಮೊದಲ ಕರಡು ಪೂರ್ತಿ ಬಿದ್ದುಹೋಯಿತು. ‘ಬಂಡಾಯ’ಕ್ಕೆ ‘ಇಕ್ಕಿ’ ಹಾಕಿದ್ದರು. ಇಕ್ಕಿಯ ಮೂಲದಲ್ಲಿ ಒಮ್ಮನಸ್ಸಾಗುವುದು ಎಂಬ ಚಂದದ ಅರ್ಥವಿದೆ. ಪ್ರತಿಜ್ಞೆ ಬರೆದ ಕಾಗದ ಸುಟ್ಟು, ಬೂದಿ ಕಲಸಿದ ನೀರನ್ನು ಎಲ್ಲರೂ ಕುಡಿಯುವ ಪದ್ಧತಿಯೂ ಇತ್ತು. ಆದರೆ ಇವತ್ತಿನ ಓದುಗನ ಕಣ್ಣಿಗೆ ಬರುವುದು ಬಿದಿರಿನ ಈಟಿ ಹಿಡಿದ ರೈತರ ದಂಡು. ಸತ್ಯಾಗ್ರಹಕ್ಕೆ ಅದು ಸಲ್ಲದು. ‘ಫುಫುಕುಜೂ’, ಅಂದರೆ ಅವಿಧೇಯತೆ, ಗಾಂಧಿಯ ಜೊತೆ ಜಪಾನಿನಲ್ಲಿ ಎಲ್ಲರಿಗೂ ಗೊತ್ತಿರುವ ಪದ, ಅದೇ ಬಂತು. ಆಮೇಲೆ ತೆರಿಗೆಯ ಸೂಕ್ಷ್ಮ. ಕಟ್ಟದೆ ಬಾಕಿ ಉಳಿದರೆ ‘ತಾಇನೋ’, ಕಟ್ಟುವುದಿಲ್ಲ ಎಂದರೆ ‘ಕ್ಯೊಹಿ’. ಸಾಲಗಾರನ ಆಸ್ತಿ ಜಪ್ತಿಯಾದರೆ ‘ಸಾಶಿಓಸಾಎ’, ಶಿಕ್ಷೆಯಾಗಿ ಸರ್ಕಾರ ಕಿತ್ತುಕೊಂಡರೆ ‘ಬೊಶ್ಶೂ’. ಮೊದಲ ಕರಡಿನಲ್ಲಿ ತಾಇನೋ, ಸಾಶಿಓಸಾಎ ಜೋಡಿ ಕೂತು, ಜಮೀನು ಹೋದರೂ ಬಗ್ಗದ ರೈತರು ದುಡ್ಡಿಲ್ಲದೆ ಸಾಲದಲ್ಲಿ ಮುಳುಗಿದವರಂತೆ ಕಾಣುತ್ತಿದ್ದರು. ಎರಡೂ ಪದಗಳು ಕೋಶದಲ್ಲಿ ಸರಿ, ಇತಿಹಾಸದಲ್ಲಿ ತಪ್ಪು.

1930ರ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿದದ್ದಕ್ಕೆ ‘ಶಿಓ ನೊ ಕೋಶಿನ್’ ಎಂದು ಬರೆದಿದ್ದರು. ಅದು ದಂಡಿಯ ನಡಿಗೆಗೆ ಅಲ್ಲಿನ ಶಾಲೆಗಳಲ್ಲಿ ಕಲಿಸುವ ಹೆಸರು. ‘ಉಪ್ಪಿನ ಕಾನೂನು’ ಎಂದರೆ ಏನೆಂದು ವಿವರಿಸಲು ಇವರಿಗೊಂದು ಒಳ್ಳೆಯ ಹಾದಿ ಹೊಳೆದಿದೆ. ಜಪಾನಿನಲ್ಲೂ 1905ರಿಂದ 1997ರ ತನಕ ಉಪ್ಪು ಸರ್ಕಾರದ ಏಕಸ್ವಾಮ್ಯವಾಗಿತ್ತು, ‘ಸೆನ್‌ಬಾಇ’ ಎಂದರೆ ವಯಸ್ಸಾದವರಿಗೆ ಈಗಲೂ ನೆನಪಿದೆ. ಆ ಒಂದು ಪದದಿಂದ ಮೂರು ಸಾಲಿನ ಟಿಪ್ಪಣಿ ಉಳಿಯಿತು.

ಅಪ್ಪಿಕೋ ತುಣುಕು ಚಿಕ್ಕದು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯಲ್ಲಿ ಮರ ಅಪ್ಪಿಕೊಂಡ ಕಥೆ. ‘ದಾಕಿತ್ಸುಕು’ ಎಂದರೆ ಮೇಲೆ ಬಿದ್ದು ಹಿಡಿದುಕೊಳ್ಳುವ ಧ್ವನಿಯೂ ಇದೆ, ಬಸ್ಸಿನಲ್ಲಿ ಕೀಟಲೆ ಮಾಡುವವರಿಗೂ ಸಲ್ಲುವ ಪದ. ಅದನ್ನು ಅಕ್ಕರೆಯಿಂದ ಬಿಗಿದಪ್ಪುವ ‘ದಾಕಿಶಿಮೆರು’ ಎಂದು ಬದಲಾಯಿಸಿದ್ದಾರೆ. ಚಳವಳಿಗಾರರಿಗೆ ‘ವಿರೋಧಿ ಬಣ’ ಎನ್ನುವ ‘ಹಾನ್‌ತಾಇಹಾ’ ಬಿಟ್ಟು, ಮಾಲಿನ್ಯದ ವಿರುದ್ಧ ಎದ್ದ ಜಪಾನಿ ಊರುಗಳವರು ಬಳಸಿದ ‘ಜೂಮಿನ್ ಉಂದೋ’ ಬಂದಿದೆ. ಅಪ್ಪಿಕೋ ಎಂಬ ಹೆಸರು ಮಾತ್ರ ಕತಕಾನಾದಲ್ಲಿ ಆಟಿಕೆ ಗೊಂಬೆಯ ಹೆಸರಿನಂತೆ ಕೇಳಿಸುತ್ತದೆ. ಅದಕ್ಕೆ ಮದ್ದಿಲ್ಲ.

ಇನ್ನು ಎಡವಿದ್ದು. ಅನುವಾದವನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ಕಳಿಸುತ್ತಾರೆ, ಅದಕ್ಕೆ ಬೇರೆ ದುಡ್ಡಿಲ್ಲ. ಆದರೆ ತಿರುಗಿಸುವವರು ಅದೇ ಮನುಷ್ಯ. ತಾನು ಏನು ಬರೆಯಲು ಹೊರಟಿದ್ದೆ ಎಂಬುದು ಗೊತ್ತಿರುವ ಕಾರಣ ಇಕ್ಕಿಯೂ ‘ಬಂಡಾಯ’ವಾಗಿಯೇ ಮರಳಿ ಬಂತು, ಸಾಶಿಓಸಾಎ ‘ಜಪ್ತಿ’ಯಾಗಿಯೇ ಬಂತು. ಮೂಲ ನೋಡದ ಮೂರನೆಯವರಿಂದ ಮಾಡಿಸದಿದ್ದರೆ ಈ ಪ್ರತಿ ಬರೀ ಸಮಾಧಾನಕ್ಕೆ.

ಡಿಟಿಪಿ, ಅಂದರೆ ಅಚ್ಚಿಗೆ ಪುಟ ಜೋಡಿಸುವ ಕೆಲಸ, ಇವರಲ್ಲಿ ಮಾಡಿಸಬೇಡಿ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದ ಕಡತ ಕಳಿಸಿದರೆ ಒತ್ತಕ್ಷರಗಳೆಲ್ಲ ಕಲಸಿಹೋಗುತ್ತವೆ, ಯುನಿಕೋಡ್‌ಗೆ ಬದಲಿಸಿಯೇ ಕಳಿಸಬೇಕು, ಇದು ಕಳಿಸುವವರ ಹೊಣೆ. ಅವರ ಕಡೆಯಿಂದ ಬರುವ ತಪ್ಪು ಬೇರೆ ಬಗೆಯದು. ಯುನಿಕೋಡ್‌ನಲ್ಲಿ ಚೀನೀ ಮತ್ತು ಜಪಾನಿ ಅಕ್ಷರಗಳಿಗೆ ಬಹಳ ಕಡೆ ಒಂದೇ ಸಂಕೇತ. ಚೀನೀ ಫಾಂಟ್ ಹಾಕಿದರೆ ‘ಮೂಳೆ’, ‘ನೇರ’ ಮೊದಲಾದ ಅಕ್ಷರಗಳು ಚೀನೀ ರೂಪದಲ್ಲಿ ಮೂಡುತ್ತವೆ. ನಮಗೆ ಗೊತ್ತಾಗುವುದಿಲ್ಲ, ಜಪಾನಿಯವರಿಗೆ ಮೊದಲ ನೋಟಕ್ಕೇ ಗೊತ್ತಾಗುತ್ತದೆ. ಮೊದಲ ಪಿಡಿಎಫ್‌ನಲ್ಲಿ ಇದೇ ಆಗಿತ್ತು. ಸಾಲಿನ ಮೊದಲಿಗೆ ಪೂರ್ಣವಿರಾಮದ ಸೊನ್ನೆ ಬರಬಾರದೆಂಬ ನಿಯಮವೂ ಎರಡು ಕಡೆ ತಪ್ಪಿತ್ತು. ಕಠಿಣ ಅಕ್ಷರಗಳ ತಲೆಯ ಮೇಲೆ ಉಚ್ಚಾರ ತೋರಿಸುವ ಫುರಿಗಾನಾಗೆ ಜಾಗ ಬಿಟ್ಟಿರಲಿಲ್ಲ, ಅದನ್ನು ಸೇರಿಸಿದಾಗ ಒಂದು ಪುಟದ ಬರಹ ಒಂದೂಕಾಲು ಪುಟವಾಯಿತು. ಜಪಾನಿ ಫಾಂಟ್ ಹಾಕಿಸಿ, ಕಾರವಾರದ ಫ್ಲೆಕ್ಸ್ ಅಂಗಡಿಗೆ ಕೊಡುವ ಮುಂಚೆ ಅಕ್ಷರಗಳನ್ನೆಲ್ಲ ಕರ್ವ್, ಅಂದರೆ ಫಾಂಟ್ ಬೇಡದ ಚಿತ್ರರೇಖೆ, ಮಾಡಿಸಿ, ಇಲ್ಲದಿದ್ದರೆ ಅವರ ಕಂಪ್ಯೂಟರಿನಲ್ಲಿ ಬರುವುದು ಸಾಲುಸಾಲು ಖಾಲಿ ಚೌಕ.

ದರ ಹೀಗಿದೆ. ಪದಪಟ್ಟಿಗೆ ಪದವೊಂದಕ್ಕೆ 150 ರೂಪಾಯಿ, ಷರಾ ಸೇರಿ. ಬರಹಕ್ಕೆ ಕನ್ನಡ ಪದ ಎಣಿಸುವುದಿಲ್ಲ, ಸಿದ್ಧವಾದ ಜಪಾನಿ ಅಕ್ಷರ ಎಣಿಸುತ್ತಾರೆ, ಅಕ್ಷರಕ್ಕೆ 3 ರೂಪಾಯಿ. ಕೇಳಿದರೆ ಕಳ್ಳಲೆಕ್ಕ ಅನ್ನಿಸುತ್ತದೆ, ಆದರೆ ‘ಮಾಡಲಾಗದಿದ್ದುದರಿಂದ’ ಎಂಬ ನಮ್ಮ ಒಂದು ಪದ ಅಲ್ಲಿ ಎಂಟು ಅಕ್ಷರ, ಕನ್ನಡದ ಪದ ಎಣಿಸಿದರೆ ಅವರಿಗೆ ನಷ್ಟ. ಒಂದು ಸಲದ ತಿದ್ದುಪಡಿ ಪುಕ್ಕಟೆ, ಎರಡನೆಯದಕ್ಕೆ ಒಟ್ಟು ಮೊತ್ತದ ಕಾಲುಭಾಗ. ಇದನ್ನು ಮೊದಲೇ ಹೇಳುವುದಿಲ್ಲ, ಕೇಳಿ ತಿಳಿದುಕೊಳ್ಳಬೇಕು. ಒಪ್ಪಿಕೊಂಡ ಅವಧಿ 12 ದಿನ, ತೆಗೆದುಕೊಂಡದ್ದು 19. ಫೋನ್ ಎತ್ತುವುದು ಅಪರೂಪ, ಮೇಲ್‌ಗೆ ಮಾತ್ರ ಅದೇ ದಿನ ಉತ್ತರ ಬರುತ್ತದೆ.

ಕೊಡುವುದಾದರೆ ಪದಪಟ್ಟಿಯನ್ನು ಮೊದಲು ಕೊಟ್ಟು, ಅದು ಇತ್ಯರ್ಥವಾದ ಮೇಲೆಯೇ ಬರಹ ಕಳಿಸಿ. ಎರಡನ್ನೂ ಒಟ್ಟಿಗೆ ಕೊಟ್ಟರೆ ಪಟ್ಟಿಯಲ್ಲಿ ಬದಲಾದ ಪದ ಬರಹದಲ್ಲಿ ಹಳೆಯದಾಗಿಯೇ ಉಳಿಯುತ್ತದೆ, ‘ಹಾ’ ಮತ್ತು ‘ಕ್ಯೋ’ ನುಸುಳಿದ್ದು ಹಾಗೆಯೇ. ಅಂತಿಮ ಪಟ್ಟಿಯನ್ನು ಎಕ್ಸೆಲ್ ಕಡತವಾಗಿ ಕೇಳಿ ಇಸಿದುಕೊಳ್ಳಿ, ಮುಂದಿನ ಸಲ ಅದೇ 22 ಪದಕ್ಕೆ ಮತ್ತೆ 3,300 ರೂಪಾಯಿ ಕೊಡುವುದು ತಪ್ಪುತ್ತದೆ.